ದಿವಾನ್ ಶೇಷಾದ್ರಿ ಅಯ್ಯರವರೂ ಸಂಸ್ಥಾನದ ಜೀವವಿಮೆಯೂ

ಸಂಪಾದಿಸುವ ಕೈ ಒಂದು ದಿನ ನಿಂತುಹೋದರೆ ಆ ಕೈಯನ್ನೇ ನಂಬಿದ ಸಂಸಾರದ ಗತಿಯೇನೆಂಬ ಪ್ರಶ್ನೆಯು ವೇತನದ ಮೇಲೆ ಬದುಕುವ ಪ್ರತಿಯೊಬ್ಬ ಗೃಹಸ್ಥನೂ ಯೋಚಿಸತಕ್ಕದ್ದು. ತೋಟವುಳ್ಳವನು ತೀರಿಕೊಂಡರೂ ತೋಟವು ಉಳಿಯುವುದು. ನೌಕರನು ತೀರಿಕೊಂಡರೆ ಉದ್ಯೋಗವೂ ಅವನೊಡನೆಯೇ ಹೋಗುವುದು. ಈ ಪ್ರಶ್ನೆಗೆ ಮೈಸೂರು ಸಂಸ್ಥಾನವು 1891ರಷ್ಟು ಹಿಂದೆಯೇ ಉತ್ತರವನ್ನು ಕೊಟ್ಟಿತು. ಆಗ ದಿವಾನಗಿರಿಯಲ್ಲಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರವರು. ಶಿವನಸಮುದ್ರದ ವಿದ್ಯುಚ್ಛಕ್ತಿಗಾಗಿ ಅವರನ್ನು ನೆನೆಯುವ ಜನರು ಜೀವವಿಮೆಗಾಗಿ ಅಷ್ಟಾಗಿ ನೆನೆಯುವುದಿಲ್ಲ. ಆದಕಾರಣ ಆ ಮಹನೀಯರ ಚರಿತ್ರೆಯನ್ನು ಇಂದು ವಾಚಕ ಮಹಾಶಯರ ಮುಂದಿಡುತ್ತೇವೆ.

ಶೇಷಾದ್ರಿ ಅಯ್ಯರವರು 1845ರ ಜೂನ್ 1ರಂದು ಮಲಬಾರಿನ ಪಾಲ್ಘಾಟಿಗೆ ಸಮೀಪದ ಕುಮಾರಪುರದಲ್ಲಿ ಜನಿಸಿದರು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡು ಅಣ್ಣನ ಆಶ್ರಯದಲ್ಲಿ ಬೆಳೆದರು. ತಬ್ಬಲಿಯಾದ ಮಗುವಿಗೆ ಆಶ್ರಯ ದೊರೆಯುವುದೂ ದೊರೆಯದಿರುವುದೂ ಅದೃಷ್ಟದ ಮಾತು; ಅವರ ಪುಣ್ಯಕ್ಕೆ ಅದು ದೊರೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಪದವೀಧರರಾದ ಬಳಿಕ, ರಂಗಾಚಾರ್ಲುರವರ ಪ್ರೇರಣೆಯಿಂದ 1868ರಲ್ಲಿ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಶಾಖೆಯ ಶಿರಸ್ತೇದಾರರಾದರು. ನೌಕರಿಯಲ್ಲಿದ್ದುಕೊಂಡೇ 1874ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದರು. ಶಿರಸ್ತೆಯಿಂದ ಡೆಪ್ಯುಟಿ ಕಮಿಷನರ್ ಪದವಿಯವರೆಗೆ ಮೆಟ್ಟಲು ಮೆಟ್ಟಲಾಗಿ ಏರಿದ ಈ ಅಧಿಕಾರಿಗೆ ಗುಮಾಸ್ತನ ಬಾಳು ಹೊರಗಿನಿಂದ ಕಂಡ ವಸ್ತುವಾಗಿರಲಿಲ್ಲ.

1883ರ ಜನವರಿಯಲ್ಲಿ ರಂಗಾಚಾರ್ಲುರವರು ನಿಧನರಾಗಲು, ಇನ್ನೂ 38 ವರ್ಷ ತುಂಬದಿದ್ದ ಶೇಷಾದ್ರಿ ಅಯ್ಯರವರು ದಿವಾನರಾದರು. 1876–78ರ ಮಹಾಕ್ಷಾಮದ ಪೆಟ್ಟಿನಿಂದ ನಾಡು ಆಗಿನ್ನೂ ಚೇತರಿಸಿಕೊಂಡಿರಲಿಲ್ಲ. ಬೊಕ್ಕಸದ ಮೇಲೆ ಸಾಲದ ಹೊರೆಯಿತ್ತು. ಕ್ಷಾಮದಲ್ಲಿ ಧಾನ್ಯವನ್ನು ಸಾಗಿಸಲು ರೈಲಿಲ್ಲದಿದ್ದುದೇ ಮುಖ್ಯ ಕೊರತೆಯೆಂದು ಕಂಡು ಹಳಿಗಳನ್ನು ಹಾಕಿಸಿದರು. 1889ರ ವೇಳೆಗೆ ಬೆಂಗಳೂರಿನಿಂದ ಕಡೂರು, ಬೀರೂರುಗಳ ಮೇಲೆ ಹರಿಹರದವರೆಗೆ ರೈಲು ಓಡಿತು. ನಮ್ಮ ಮಲೆಯ ಕಾಫಿಯ ಮೂಟೆಗಳು ಗಾಡಿಗಳಲ್ಲಿ ಘಟ್ಟವಿಳಿದು ಸೇರಲು ಕಡೂರಿನಲ್ಲಿ ನಿಲ್ದಾಣವಾಯಿತು; ಚಿಕ್ಕಮಗಳೂರು ಪಟ್ಟಣಕ್ಕೇ ರೈಲು ಬಂದುದು 2013ರಲ್ಲಿ.

ಇನ್ನು ವಿಮೆಯ ವಿಚಾರ. ಆ ಕಾಲದಲ್ಲಿ ವಿಲಾಯತಿ ಕಂಪನಿಗಳು ಭಾರತೀಯರ ಪ್ರಾಣವನ್ನು ಹೆಚ್ಚು ಅಪಾಯದ್ದೆಂದೆಣಿಸಿ ಹೆಚ್ಚಿನ ಕಂತನ್ನು ವಸೂಲು ಮಾಡುತ್ತಿದ್ದುವು. ಈ ಅವಮಾನವನ್ನು ತೊಡೆದು ಸಮಾನ ದರದಲ್ಲಿ ನಮ್ಮವರಿಗೆ ವಿಮೆ ಕೊಡಲು 1870ರಲ್ಲಿ ಬೊಂಬಾಯಿ ಮ್ಯೂಚುಯಲ್ ಸೊಸೈಟಿ ಹುಟ್ಟಿತು. ಆದರೆ ಚಿಕ್ಕ ಸಂಬಳದ ನೌಕರನಿಗೆ ಬೊಂಬಾಯಿ ಬಹು ದೂರ. ಆಗಲೇ ಮೈಸೂರಿನಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, ಸರ್ಕಾರಿ ನೌಕರರಿಗಾಗಿ ಸಂಸ್ಥಾನದ ಜೀವವಿಮೆಯು 1891ರಲ್ಲಿ ಏರ್ಪಟ್ಟಿತು. ಅದರ ತತ್ತ್ವವು ಸರಳವಾದುದು: ತಿಂಗಳ ಸಂಬಳದಿಂದಲೇ ಕಂತನ್ನು ಹಿಡಿಯುವುದು, ಬದುಕಿ ಅವಧಿ ಮುಗಿಸಿದವನಿಗೆ ಹಣ, ನಡುವೆ ತೀರಿಕೊಂಡವನ ಮನೆಯವರಿಗೆ ಪೂರ್ತಿ ಮೊಬಲಗು. ವಿಶ್ರಾಂತಿವೇತನವಾದರೋ ಅಂದು ಪಡೆಯುವಾತನೊಡನೆಯೇ ನಿಂತುಹೋಗುತ್ತಿತ್ತು. ವಿಮೆಯು ಅವನು ಹೋದ ಬಳಿಕವೇ ಮನೆಯ ಬಾಗಿಲಿಗೆ ಬರುತ್ತಿತ್ತು.

ಇದರ ಬೆಲೆಯನ್ನು ಮಲೆಸೀಮೆಯವರಿಗಿಂತ ಚೆನ್ನಾಗಿ ಬಲ್ಲವರಾರು? ಅಂದು ಕಡೂರು ಜಿಲ್ಲೆಯೆನಿಸಿಕೊಂಡಿದ್ದ ನಮ್ಮ ಸೀಮೆಯ ಮೂಡಿಗೆರೆಗೋ ಕಳಸಕ್ಕೋ ವರ್ಗವಾಯಿತೆಂದರೆ ಬಯಲುಸೀಮೆಯ ನೌಕರನ ಮನೆಯಲ್ಲಿ ಕಳವಳವೇಳುತ್ತಿತ್ತು. ತಿಂಗಳುಗಟ್ಟಲೆ ಬಿಡದ ಮಳೆ, ಉಕ್ಕುವ ಭದ್ರೆ, ಕಡಿದುಹೋಗುವ ದಾರಿ, ಎಲ್ಲಕ್ಕೂ ಮಿಗಿಲಾಗಿ ಮಲೆನಾಡಿನ ಚಳಿಜ್ವರ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಆ ಜ್ವರವು ಶ್ಯಾನುಭೋಗನನ್ನೂ ಅಮಲ್ದಾರನನ್ನೂ ತೋಟದ ಆಳನ್ನೂ ಭೇದವೆಣಿಸದೆ ಕಾಡಿತು. ಇಂತಹ ಸೀಮೆಯಲ್ಲಿ ಸೇವೆ ಮಾಡಬೇಕಾದವನಿಗೆ ವಿಮಾಪತ್ರವು ಅರ್ಧ ಧೈರ್ಯವಿದ್ದಂತೆ.

ಮೃತ್ಯುವು ವಯಸ್ಸನ್ನು ಕೇಳಿ ಬರುವುದಿಲ್ಲವೆಂಬುದಕ್ಕೆ ಅರಮನೆಯೇ ಸಾಕ್ಷಿಯಾಯಿತು. ವಿಮೆಯೇರ್ಪಟ್ಟ ಮೂರೇ ವರ್ಷಗಳಲ್ಲಿ, 1894ರ ಡಿಸೆಂಬರ್ 28ರಂದು, ಮಹಾರಾಜರು 31ರ ಪ್ರಾಯದಲ್ಲಿ ಕಲ್ಕತ್ತೆಯಲ್ಲಿ ಸ್ವರ್ಗಸ್ಥರಾದರು. ಪಟ್ಟದ ಕುಮಾರರಿಗೆ ಆಗ ಹತ್ತು ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದಲ್ಲಿ ದಿವಾನರು ಭಾರವನ್ನು ಹೊತ್ತರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ಇಷ್ಟರ ನಡುವೆಯೂ ಹೆಸರಘಟ್ಟದ ನೀರು, ಮಾರಿಕಣಿವೆಯ ಅಣೆಕಟ್ಟು, ಕಾವೇರಿಯ ವಿದ್ಯುತ್ತಿನ ಯೋಜನೆಗಳು ನಿಲ್ಲಲಿಲ್ಲ.

ಅವರ ಮೇಲೆ ಆಕ್ಷೇಪಣೆಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಮದರಾಸಿನವರಿಗೆ ದೊಡ್ಡ ಹುದ್ದೆಗಳು ಹೋಗುತ್ತವೆಂಬ ಮೈಸೂರಿಗರ ದೂರು ಅವರ ಕಾಲದಲ್ಲಿ ಬಲವಾಗಿತ್ತು. ಆ ದೂರಿನಲ್ಲಿ ಹುರುಳೂ ಇದ್ದಿತು. ಆದರೆ ಸಿವಿಲ್ ಸರ್ವೀಸಿಗೆ ಸ್ಪರ್ಧಾಪರೀಕ್ಷೆಯನ್ನು ತಂದು, ಶಿಫಾರಸ್ಸಿಗೆ ಬದಲು ಯೋಗ್ಯತೆಯು ಬಾಗಿಲು ತೆರೆಯುವಂತೆ ಮಾಡಿದವರೂ ಅವರೇ. ಮುಂದೆ ನಾಡಿನ ಯುವಕರು ಆ ಬಾಗಿಲಿನಿಂದಲೇ ಒಳಹೊಕ್ಕರು.

ಹದಿನೆಂಟು ವರ್ಷ ದುಡಿದು ಆರೋಗ್ಯ ಕೆಟ್ಟು, 1901ರಲ್ಲಿ ಅಧಿಕಾರವನ್ನು ಬಿಟ್ಟ ಅವರು ಅದೇ ಸೆಪ್ಟೆಂಬರ್ 13ರಂದು ಕಾಲವಶರಾದರು. ಮರುವರ್ಷ ಶಿವನಸಮುದ್ರದ ಶಕ್ತಿಯು ಕೋಲಾರದ ಗಣಿಗೆ ಹರಿಯಿತು. ಅದನ್ನು ಅವರು ಕಾಣಲಿಲ್ಲ. ವಿಮೆಯೂ ಅಂತಹುದೇ: ನೆಟ್ಟವನು ಕಾಣದಿದ್ದರೂ ಫಲವು ಮನೆಗೆ ಸೇರುವುದು.

1956ರಲ್ಲಿ ದೇಶದ 245 ವಿಮಾಸಂಸ್ಥೆಗಳನ್ನು ಜೀವವಿಮಾ ನಿಗಮದಲ್ಲಿ ಸೇರಿಸಿದಾಗಲೂ ನೌಕರರ ಈ ಕಡ್ಡಾಯ ವಿಮೆಯು ಪ್ರತ್ಯೇಕವಾಗಿಯೇ ಉಳಿಯಿತು; ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯೆಂಬ ಹೆಸರಿನಲ್ಲಿ ಇಂದಿಗೂ ನಡೆದಿದೆ.

ಈ ಚರಿತ್ರೆಯಿಂದ ಗ್ರಹಿಸತಕ್ಕ ಮಾತುಗಳು ಕೆಲವಿವೆ. ಅಧಿಕಾರಿಗಳೂ ಗುಮಾಸ್ತರೂ ಕಂತು ಕಡಿತವಾಯಿತೆಂದು ಸುಮ್ಮನಿರದೆ, ವಿಮಾಪತ್ರದಲ್ಲಿ ವಾರಸುದಾರರ ಹೆಸರು ಸರಿಯಾಗಿದೆಯೇ ಎಂದು ನೋಡಬೇಕು. ವಿವಾಹವಾದಾಗ ಅದನ್ನು ತಿದ್ದಿಸಬೇಕು. ಪತ್ರವೆಲ್ಲಿದೆಯೆಂಬುದನ್ನು ಮನೆಯಾಕೆಗೆ ತಿಳಿಸಿರಬೇಕು. ವಯಸ್ಸನ್ನೂ ರೋಗವನ್ನೂ ಮರೆಮಾಚಿ ಪಡೆದ ವಿಮೆಯು ಬೇಕಾದ ಹೊತ್ತಿಗೆ ಮುರಿದುಬೀಳುವ ಊರುಗೋಲು. ತೋಟದ ಯಜಮಾನರು ಹೂಮಳೆಯನ್ನು ದೈವಕ್ಕೆ ಬಿಟ್ಟರೂ ಗೋದಾಮಿನ ಬೆಂಕಿಯನ್ನೂ ಆಳುಗಳ ಅಪಘಾತವನ್ನೂ ದೈವಕ್ಕೆ ಬಿಡಲಾಗದು. ವಿಮೆಯ ಕಸುಬನ್ನು ಹಿಡಿಯುವ ಯುವಕರು ಕಮಿಷನ್ನಿಗಿಂತ ಮೊದಲು ಕಟ್ಟುವವನ ಶಕ್ತಿಯನ್ನು ನೋಡಲಿ. ನಡುವೆ ನಿಂತುಹೋದ ವಿಮೆಯಿಂದ ಅವನಿಗೂ ಹಿತವಿಲ್ಲ, ಏಜೆಂಟನಿಗೂ ಮರ್ಯಾದೆಯಿಲ್ಲ. ಅವರ ಕೈಯಲ್ಲಿ ಹಾದುಹೋಗುವುದು ಕಾಗದವಲ್ಲ. ಇನ್ನೂ ಹುಟ್ಟದ ತಬ್ಬಲಿಯೊಂದರ ಅನ್ನ.