ತಗಡಿಗೆ ರೆಕ್ಕೆ ಕೊಟ್ಟ ಡಾ. ಘಾಟಗೆ

ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಕೆಳಗೆ ಬಿದ್ದರೆ ನೆಗ್ಗುತ್ತೆ, ಆದ್ರೆ ಸೀಳಲ್ಲ. ವಿಮಾನಕ್ಕೆ ಬಳಸೋ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ ಹಾಗಲ್ಲ. ಅದರ ತಗಡನ್ನ ವೈಸ್‌ಗೆ ಸಿಕ್ಕಿಸಿ ಚೂಪಾಗಿ ಬಗ್ಗಿಸೋಕೆ ಹೋದರೆ ಬಾಗೋ ಜಾಗದಲ್ಲೇ ಬಿರುಕು ಬಿಡುತ್ತೆ. ಇಂಥ ಹಟಮಾರಿ ತಗಡಿನಿಂದ ನಮ್ಮ ಬೆಂಗಳೂರಲ್ಲೇ, ನಮ್ಮವರದೇ ಡಿಸೈನ್‌ನ ವಿಮಾನ ಹಾರಿಸಿದವರು ಡಾ. ವಿಷ್ಣು ಮಾಧವ ಘಾಟಗೆ.

ಅವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ನಮ್ಮ ಬೆಳಗಾವಿ ಗಡಿಗೆ ಹತ್ತಿರದ ಹಸೂರ್‌ಚಂಪು ಅನ್ನೋ ಹಳ್ಳಿಯಲ್ಲಿ. ಅಲ್ಲಿಂದ ಜರ್ಮನಿಯ ಗಟಿಂಗೆನ್‌ವರೆಗೆ ಹೋಗಿ 1936ರಲ್ಲಿ ಡಾಕ್ಟರೇಟ್ ಪಡೆದರು. ಗುರುಗಳು ಲುಡ್ವಿಗ್ ಪ್ರಾಂಟಲ್. ಹೌದು, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಮಗೆ ನಿದ್ದೆ ಕೆಡಿಸೋ ಬೌಂಡರಿ ಲೇಯರ್‌ನ ಅದೇ ಪ್ರಾಂಟಲ್!

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಘಾಟಗೆಯವರು ಮೊದಲ ದಿನಗಳಲ್ಲೇ ಅಲ್ಲಿ ಸೇರಿಕೊಂಡರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವಿಮಾನಶಾಸ್ತ್ರ ವಿಭಾಗ ಆರಂಭವಾದಾಗ ಅಲ್ಲೂ ಪಾಠ ಹೇಳಿದರು. ಯುದ್ಧದ ಕಾಲದಲ್ಲಿ ಕಂಪನಿಗೆ ಹೆಚ್ಚಾಗಿ ಬಂದದ್ದು ಬೇರೆ ದೇಶದ ವಿಮಾನಗಳ ರಿಪೇರಿ. ಯುದ್ಧ ಮುಗಿದ ಮೇಲೆ ಬಸ್ ಬಾಡಿ, ರೈಲು ಬೋಗಿಗಳನ್ನೂ ಕಟ್ಟಿದರು. ಕೈಗಳು ಪಳಗಿದ್ದವು, ಆದರೆ ನಮ್ಮದು ಅಂತ ಹೇಳ್ಕೊಳ್ಳೋ ವಿಮಾನ ತಯಾರಾಗಿ ಸೇವೆಗೆ ಹೋಗಿರಲಿಲ್ಲ.

ಆ ಕೊರತೆ ನೀಗಿಸಿದ್ದು ಘಾಟಗೆಯವರ ತಂಡದ ಎಚ್‌ಟಿ-2. ಇಬ್ಬರು ಕೂರುವ, ಪೂರ್ತಿ ಲೋಹದ ತರಬೇತಿ ವಿಮಾನ ಇದು. ಪೂರ್ತಿ ಲೋಹ ಅಂದ್ರೆ ಹೊರಗಿನ ತಗಡು ಬರೀ ಹೊದಿಕೆ ಅಲ್ಲ, ಅದೂ ಭಾರ ಹೊರಬೇಕು. ಹಾಗಾಗಿ ಗಟ್ಟಿ ತಗಡೇ ಬೇಕು. ಆದ್ರೆ ಅದನ್ನ ಬಗ್ಗಿಸೋದು ಹೇಗೆ?

ಉಪಾಯ ಬಿಸಿಯಲ್ಲಿದೆ. ಇಂಥ ತಗಡನ್ನ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಒಳಗಿನ ತಾಮ್ರ ಅಲ್ಯೂಮಿನಿಯಂನಲ್ಲಿ ಕರಗಿ ಬೆರೆಯುತ್ತೆ. ತಕ್ಷಣ ನೀರಿಗೆ ಅದ್ದಿದರೆ ಸ್ವಲ್ಪ ಹೊತ್ತು ಮೆತ್ತಗಿರುತ್ತೆ. ಅಷ್ಟರೊಳಗೆ ಆಕಾರ ಕೊಡಬೇಕು. ಆಮೇಲೆ ಕೆಲವು ದಿನಗಳಲ್ಲಿ ತಾನಾಗೇ ಗಟ್ಟಿಯಾಗುತ್ತೆ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಕಂಡುಕೊಂಡ ಗುಣ ಇದು. ಈಗ ಕಾರಿನ ಬಾಡಿಗೂ ಕಾದ ತಗಡನ್ನ ನೇರವಾಗಿ ತಣ್ಣನೆಯ ಅಚ್ಚಿಗೆ ಹಾಕಿ, ಒತ್ತುತ್ತಲೇ ತಣಿಸೋ ವಿಧಾನ ಬಂದಿದೆ. ಅದರ ಮೂಲದಲ್ಲೂ ಇದೇ ಗುಣ ಇದೆ.

ಅಂದರೆ ಪೇಪರ್ ಮೇಲೆ ಎಷ್ಟೇ ಚೆಂದದ ತಿರುವು ಬರೆದರೂ, ಶಾಪ್‌ನಲ್ಲಿ ನಿಂತ ಫಿಟ್ಟರ್ ಅದನ್ನ ತಗಡಲ್ಲಿ ತರೋಕಾಗದಿದ್ರೆ ಆ ಡಿಸೈನ್ ದಂಡ. ಪ್ರಾಂಟಲ್ ಶಿಷ್ಯರ ಗಣಿತವನ್ನೂ ಬೆಂಗಳೂರಿನ ಫಿಟ್ಟರ್‌ಗಳ ಕೈಯನ್ನೂ ಒಂದು ಮಾಡಿದ್ದೇ ಎಚ್‌ಟಿ-2ರ ದೊಡ್ಡತನ ಅಂತ ನಮಗನ್ನಿಸುತ್ತೆ. 1951ರ ಆಗಸ್ಟ್‌ನಲ್ಲಿ ಅದು ಮೊದಲು ಹಾರಿತು. ಮೂರು ದಶಕಕ್ಕೂ ಹೆಚ್ಚು ಕಾಲ ನಮ್ಮ ವಾಯುಪಡೆಯ ಪೈಲಟ್‌ಗಳಿಗೆ ಪಾಠ ಕಲಿಸಿತು. ಘಾನಾ ದೇಶದ ವಾಯುಪಡೆಗೂ ಹೋಯಿತು.

ಆಮೇಲೆ ಪುಷ್ಪಕ್, ಕೃಷಕ್ ಬಂದವು. 1964ರಲ್ಲಿ ಜೆಟ್ ತರಬೇತಿ ವಿಮಾನ ಕಿರಣ್ ಹಾರಿತು. ಮರುವರ್ಷ ಘಾಟಗೆಯವರಿಗೆ ಪದ್ಮಶ್ರೀ ಬಂತು. 1991ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಜಯನಗರ, ಬನಶಂಕರಿ ಕಡೆಯವರಾದ ನಮಗೆ ಹಳೇ ಏರ್‌ಪೋರ್ಟ್ ರಸ್ತೆ ಅಂದ್ರೆ ಬರೀ ಟ್ರಾಫಿಕ್. ಒಂದು ಭಾನುವಾರ ಬಿಡುವು ಮಾಡ್ಕೊಂಡು ಅಲ್ಲಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಬನ್ನಿ. ಸೆಲ್ಫಿ ತೆಗೆಯೋ ಮುಂಚೆ ಆ ಹಳೇ ವಿಮಾನಗಳ ಮೈಮೇಲಿನ ರಿವೆಟ್ ಸಾಲನ್ನೂ, ತಗಡಿನ ತಿರುವನ್ನೂ ಒಂದ್ಸಲ ಹತ್ತಿರದಿಂದ ನೋಡಿ.