ಮಾದರಿ ನಾಗರಿಕನಾಗಿದ್ದರೂ ಉಳಿಯಲಿಲ್ಲ: ಚಿತ್ರಕಾರ ಲೀಬರ್‌ಮನ್ ಕತೆ

ಒಂದು ಚಿತ್ರದಿಂದ ಭಾವನೆಗೆ ಧಕ್ಕೆಯಾಯ್ತು ಅಂತ ಶಾಸನಸಭೆಯಲ್ಲಿ ಗದ್ದಲ ಆಗೋದು ನಮ್ಮ ಕಾಲದ ರೋಗ ಅಂದುಕೊಂಡಿದ್ದೀರಾ? ಜರ್ಮನಿಯ ಬವೇರಿಯಾದಲ್ಲಿ 1880ರಲ್ಲೇ ಅದು ನಡೆದಿತ್ತು. ದೇವಾಲಯದಲ್ಲಿ ಪಂಡಿತರ ಜೊತೆ ವಾದಕ್ಕಿಳಿದ ಹನ್ನೆರಡು ವರ್ಷದ ಏಸುವಿನ ಚಿತ್ರ ಅದು. ಬರೆದವನು ಯಹೂದಿ, ಹೆಸರು ಮಾಕ್ಸ್ ಲೀಬರ್‌ಮನ್. ಅವನ ಏಸು ಬರಿಗಾಲಿನ, ಕೈಯಾಡಿಸುತ್ತಾ ಮಾತಾಡುವ ಯಹೂದಿ ಹುಡುಗ. ಏಸು ಹುಟ್ಟಿನಿಂದ ಯಹೂದಿಯೇ, ಆದರೆ ಯಹೂದಿಯೊಬ್ಬ ಅದನ್ನು ತೋರಿಸಿದ್ದು ತಪ್ಪಾಯ್ತು! ಕೊನೆಗೆ ಲೀಬರ್‌ಮನ್ ಚಿತ್ರವನ್ನು ತಿದ್ದಿದ. ಹ್ಯಾಂಬರ್ಗ್‌ನ ಮ್ಯೂಸಿಯಮ್ಮಿನಲ್ಲಿ ಇವತ್ತು ಕಾಣೋದು ಹೊಂಬಣ್ಣದ ಕೂದಲಿನ ಸೌಮ್ಯ ಏಸು.

1847ರಲ್ಲಿ ಬರ್ಲಿನ್‌ನ ಶ್ರೀಮಂತ ಬಟ್ಟೆ ಉದ್ಯಮಿಗಳ ಮನೆಯಲ್ಲಿ ಹುಟ್ಟಿದವನು ಬರೆಯಲು ಆರಿಸಿಕೊಂಡದ್ದು ದುಡಿಯುವವರನ್ನು. ಹೆಬ್ಬಾತಿನ ಪುಕ್ಕ ಕೀಳುವ ಹೆಂಗಸರು, ಹಾಲೆಂಡಿನ ನೇಕಾರರು, ಅನಾಥಾಲಯದ ಹುಡುಗಿಯರು. ವಿಮರ್ಶಕರು ಕುರೂಪದ ಚಿತ್ರಕಾರ ಅಂತ ಹಂಗಿಸಿದರು. 1898ರಲ್ಲಿ ಹುಟ್ಟಿದ ಬರ್ಲಿನ್ ಸಿಸೆಷನ್ ಬಳಗಕ್ಕೆ ಅವನೇ ಅಧ್ಯಕ್ಷ. ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ನ ಅಭಿರುಚಿಗೆ ಸೆಡ್ಡು ಹೊಡೆದು, ಜರ್ಮನಿಯಲ್ಲಿ ಆಧುನಿಕ ಕಲೆಗೆ ಜಾಗ ಮಾಡಿಕೊಟ್ಟ ಬಳಗ ಅದು.

ಹಾಗಂತ ಅವನನ್ನು ಪೀಠದ ಮೇಲೆ ಕೂರಿಸಬೇಕಿಲ್ಲ. 1910ರಲ್ಲಿ ಇದೇ ಸಿಸೆಷನ್ ಹೊಸ ತಲೆಮಾರಿನ ಎಕ್ಸ್‌ಪ್ರೆಷನಿಸ್ಟರಿಗೆ ಬಾಗಿಲು ಹಾಕಿತು. ಹಾಗೆ ಹೊರಗುಳಿದವರಲ್ಲಿ ಎಮಿಲ್ ನೋಲ್ಡೆಯೂ ಇದ್ದ. ಮುಂದೆ ಆತ ನಾಜಿ ಬೆಂಬಲಿಗನಾದ. 1914ರಲ್ಲಿ ಜರ್ಮನಿಯ ಯುದ್ಧವನ್ನು ಸಮರ್ಥಿಸಿದ 93 ಬುದ್ಧಿಜೀವಿಗಳ ಹೇಳಿಕೆಗೆ ಲೀಬರ್‌ಮನ್ ಸಹಿಯೂ ಇತ್ತು. ದೇಶಭಕ್ತಿಯ ಪರೀಕ್ಷೆ ಬೇಕಾ? ಅದನ್ನೂ ಪಾಸು ಮಾಡಿದ್ದ, ನೋಡಿ.

ಬಹುಮಾನವೂ ಸಿಕ್ಕಿತು. 1920ರಿಂದ 1932ರವರೆಗೆ ಪ್ರಷ್ಯನ್ ಕಲಾ ಅಕಾಡೆಮಿಯ ಅಧ್ಯಕ್ಷ. 1927ರಲ್ಲಿ, 80 ತುಂಬಿದಾಗ, ಬರ್ಲಿನ್‌ನ ಗೌರವ ನಾಗರಿಕ. ಅದೇ ವರ್ಷ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಅವನೆದುರು ಚಿತ್ರಕ್ಕೆ ಕೂತಿದ್ದ. ಆರು ವರ್ಷ ಕಳೆದು, 1933ರ ಜನವರಿ 30ರಂದು, ಹಿಟ್ಲರನನ್ನು ಚಾನ್ಸಲರ್ ಮಾಡಿದವನೂ ಅದೇ ಹಿಂಡೆನ್‌ಬರ್ಗ್. ಆ ರಾತ್ರಿ ನಾಜಿಗಳ ಪಂಜಿನ ಮೆರವಣಿಗೆ ಬ್ರಾಂಡೆನ್‌ಬರ್ಗ್ ಗೇಟ್ ದಾಟಿತು. ಲೀಬರ್‌ಮನ್ ಮನೆ ಗೇಟಿನ ಪಕ್ಕದಲ್ಲೇ ಇತ್ತು. ಮೇ ತಿಂಗಳಲ್ಲಿ ಆತ ಅಕಾಡೆಮಿಗೆ ರಾಜೀನಾಮೆ ಕೊಟ್ಟ. 1935ರ ಫೆಬ್ರವರಿ 8ರಂದು ಸತ್ತಾಗ ಅಕಾಡೆಮಿ ಅಧಿಕೃತವಾಗಿ ಒಬ್ಬರನ್ನೂ ಕಳಿಸಲಿಲ್ಲ. ಕಲಾವಿದೆ ಕೇಥೆ ಕೋಲ್ವಿಟ್ಸ್ ತಾನಾಗಿಯೇ ಬಂದಿದ್ದಳು.

ಹೆಂಡತಿ ಮಾರ್ಥಾ ಉಳಿದಳು. 1940ರಲ್ಲಿ ವಾನ್‌ಸೀ ಕೆರೆದಂಡೆಯ ಮನೆಯನ್ನು ಬಲವಂತವಾಗಿ ಮಾರಿಸಿದರು. ಅಲ್ಲಿಂದ ನಡೆದು ಹೋಗುವಷ್ಟು ದೂರದ ಬಂಗಲೆಯಲ್ಲೇ 1942ರ ಜನವರಿಯಲ್ಲಿ ಅಧಿಕಾರಿಗಳು ಯುರೋಪಿನ ಯಹೂದಿಗಳನ್ನು ಮುಗಿಸುವ ಕೆಲಸವನ್ನು ಇಲಾಖೆಗಳಿಗೆ ಹಂಚಿಕೊಂಡರು. 1943ರ ಮಾರ್ಚ್‌ನಲ್ಲಿ ಥೆರೇಸಿಯನ್‌ಸ್ಟಾಟ್ ಕ್ಯಾಂಪಿಗೆ ಸಾಗಿಸುವ ಆದೇಶ ಬಂತು. ಹಾಸಿಗೆ ಹಿಡಿದಿದ್ದ 85ರ ಮಾರ್ಥಾ ನಿದ್ರೆಮಾತ್ರೆ ನುಂಗಿ ಪ್ರಾಣಬಿಟ್ಟಳು.

ನಾನು ಓದಿದ್ದು ಇಂಜಿನಿಯರಿಂಗ್. ಸೇತುವೆ ಗಟ್ಟಿಯಾ ಅಂತ ಗೊತ್ತಾಗೋದು ಭಾರ ಬಿದ್ದಾಗ, ರಿಬ್ಬನ್ ಕತ್ತರಿಸಿದಾಗಲ್ಲ. ಅಲ್ಪಸಂಖ್ಯಾತರಲ್ಲಿ ಒಬ್ಬನನ್ನು ಆರಿಸಿ ಹಾರ ಹಾಕುವ ಪ್ರಭುತ್ವ ನಮಗೆಲ್ಲ ಉದಾರವಾಗಿ ಕಾಣುತ್ತೆ. ಆದರೆ ಹಾರ ಹಾಕಿದವರೇ ಅದನ್ನು ಕಿತ್ತುಕೊಳ್ಳಬಹುದು. ಲೀಬರ್‌ಮನ್‌ಗೆ ಗೌರವಕ್ಕೇನೂ ಕೊರತೆ ಇರಲಿಲ್ಲ. ಇಲ್ಲದ್ದು ಹಕ್ಕಿನ ಕಾವಲು. ಅದು ಗೌರವ ನಾಗರಿಕನಿಗೆ ಇಲ್ಲದಾಗ, ಅವನ ಚಿತ್ರದ ನೇಕಾರನಿಗೆ ಎಲ್ಲಿಂದ ಬರಬೇಕು?