ಪಂಚಾಕ್ಷರಿ ಗವಾಯಿ

ಪಂಡಿತ ಪಂಚಾಕ್ಷರಿ ಗವಾಯಿ (2 ಫೆಬ್ರವರಿ 1892 – 11 ಜೂನ್ 1944) ಉತ್ತರ ಕರ್ನಾಟಕದ ಪ್ರಸಿದ್ಧ ಗಾಯಕರು, ಸಂಗೀತ ಗುರುಗಳು ಮತ್ತು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರು. ಹುಟ್ಟು ಅಂಧರಾಗಿದ್ದ ಇವರು ಹಿಂದುಸ್ತಾನಿ ಮತ್ತು ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪರಿಣತಿ ಪಡೆದಿದ್ದರು. ಅಂಧ, ಅಂಗವಿಕಲ ಹಾಗೂ ಬಡ ಮಕ್ಕಳಿಗೆ ಅನ್ನ ವಸತಿಗಳೊಂದಿಗೆ ಸಂಗೀತ ಶಿಕ್ಷಣ ನೀಡುವ ಪರಂಪರೆಯನ್ನು ಈ ಭಾಗದಲ್ಲಿ ಬೆಳೆಸಿದವರು ಇವರೇ. ಭಕ್ತರು ಇವರನ್ನು ‘ಗಾನಯೋಗಿ’ ಎಂದು ಕರೆಯುತ್ತಾರೆ. ಪುಟ್ಟರಾಜ ಗವಾಯಿ, ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಇವರ ಶಿಷ್ಯರು.

ಜನನ ಮತ್ತು ಬಾಲ್ಯ

ಗವಾಯಿಗಳು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಹುಟ್ಟಿದಾಗ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ದುಡಿಮೆಯೇ ಬದುಕಾಗಿದ್ದ ಹಳ್ಳಿಯ ಬಡ ಕುಟುಂಬಕ್ಕೆ ಇದು ಎಂಥ ಚಿಂತೆಯೆಂಬುದನ್ನು ವಿವರಿಸಬೇಕಾಗಿಲ್ಲ. ಆ ಕಾಲದಲ್ಲಿ ಕಣ್ಣಿಲ್ಲದ ಹುಡುಗನಿಗೆ ಊರು ತೋರಿಸುತ್ತಿದ್ದ ದಾರಿ ಸಾಮಾನ್ಯವಾಗಿ ಒಂದೇ: ಕೈಯಲ್ಲಿ ಏಕತಾರಿ, ಹೆಗಲಿಗೆ ಜೋಳಿಗೆ. ಮೈಸೂರು ಸಂಸ್ಥಾನದಲ್ಲಿ 20ನೆಯ ಶತಮಾನದ ಆರಂಭದಲ್ಲಿ ಅಂಧ ಮೂಗ ಮಕ್ಕಳ ಶಾಲೆ ತೆರೆಯಿತಾದರೂ ಧಾರವಾಡ ಸೀಮೆಯ ಹಳ್ಳಿಗಳಿಗೆ ಅದು ದೂರದ ಮಾತಾಗಿತ್ತು. ಭಾರತೀಯ ಭಾಷೆಗಳಿಗೆ ಸಮಾನವಾದ ಬ್ರೈಲ್ ಲಿಪಿ ನಿಗದಿಯಾದದ್ದು 1951ರಲ್ಲಿ, ಅಂದರೆ ಗವಾಯಿಗಳು ತೀರಿಕೊಂಡ ಏಳು ವರ್ಷಗಳ ನಂತರ.

ಸಹೋದರರಿಬ್ಬರಿಗೂ ಒಳ್ಳೆಯ ಕಂಠವಿತ್ತು. ಇದನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930). 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಸ್ವಾಮಿಗಳಿವರು. ಬಾಲಕರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡ ಸ್ವಾಮಿಗಳು ಅವರ ಸಂಗೀತ ಶಿಕ್ಷಣದ ಭಾರವನ್ನು ಹೊತ್ತರು. ಗದಿಗೆಯ್ಯ ‘ಪಂಚಾಕ್ಷರಿ’ಯಾದದ್ದು ಈ ಸಂಬಂಧದಿಂದಲೇ. ‘ಗವಾಯಿ’ ಎಂಬುದು ಹಾಡುಗಾರ ಎಂಬರ್ಥದಲ್ಲಿ ಮರಾಠಿ, ಹಿಂದುಸ್ತಾನಿಗಳ ಮೂಲಕ ಉತ್ತರ ಕರ್ನಾಟಕದಲ್ಲಿ ನೆಲೆಸಿದ ಮಾತು; ಅದು ಅವರ ಮನೆತನದ ಹೆಸರಲ್ಲ.

ಸಂಗೀತಾಭ್ಯಾಸ

ಗವಾಯಿಗಳು ಮೊದಲು ಅಭ್ಯಾಸ ಮಾಡಿದ್ದು ಕರ್ನಾಟಕ ಸಂಗೀತವನ್ನು. ಆದರೆ ಅವರು ಬದುಕಿದ ಪ್ರದೇಶದಲ್ಲಿ ಆಗ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿತ್ತು. ಮರಾಠಿ ನಾಟಕ ಕಂಪನಿಗಳು, ಮಿರಜ, ಸಾಂಗಲಿ, ಕೊಲ್ಹಾಪುರಗಳ ಗಾಯಕರು ಮತ್ತು ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಉಸ್ತಾದರು ಧಾರವಾಡ ಸೀಮೆಗೆ ಹಿಂದುಸ್ತಾನಿ ಸಂಗೀತದ ರುಚಿ ಹತ್ತಿಸಿದ್ದರು. ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಮಿರಜಕರರಲ್ಲಿ ಪಂಚಾಕ್ಷರಿಗಳು ಹಿಂದುಸ್ತಾನಿ ಗಾಯನವನ್ನು ಕಲಿತರು. ಮುಂದೆ ಜಗತ್ಪ್ರಸಿದ್ಧರಾದ ಮಲ್ಲಿಕಾರ್ಜುನ ಮನಸೂರರಿಗೂ ಆರಂಭದಲ್ಲಿ ಪಾಠ ಹೇಳಿದವರು ಇದೇ ನೀಲಕಂಠಬುವಾ. ಹೀಗೆ ಎರಡು ಪದ್ಧತಿಗಳನ್ನೂ ಒಳಗಿನಿಂದ ಬಲ್ಲ ಗಾಯಕರು ಆಗಲೂ ವಿರಳ, ಈಗಲೂ ವಿರಳ. ಗವಾಯಿಗಳು ತಬಲಾ ವಾದನವನ್ನೂ ಬಲ್ಲವರಾಗಿದ್ದರು.

ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡುವ ರೂಢಿ ಬೆಳೆದುದರಲ್ಲಿ ಗವಾಯಿಗಳ ಮತ್ತು ಅವರ ಶಿಷ್ಯರ ಪಾಲು ದೊಡ್ಡದು. ವಚನಕ್ಕೆ ಪಲ್ಲವಿಯಿಲ್ಲ, ಪ್ರಾಸದ ಕಟ್ಟಿಲ್ಲ. ಅದು ಮಾತಿನ ಲಯದಲ್ಲಿ ಸಾಗುವ ಬರಹ. ಅದನ್ನು ತಾಳಕ್ಕೆ ಕೂರಿಸಬೇಕು, ಅರ್ಥವೂ ಕೆಡಬಾರದು. ಇಂದು ಸಭೆಗಳಲ್ಲಿ ಸಹಜವೆಂಬಂತೆ ಕೇಳಿಬರುವ ವಚನ ಗಾಯನದ ಹಿಂದೆ ಇಂಥ ಶ್ರಮವಿದೆ.

ವೀರೇಶ್ವರ ಪುಣ್ಯಾಶ್ರಮ

ಅಂಧನೊಬ್ಬ ವಿದ್ಯೆ ಪಡೆದು ದೊಡ್ಡ ಗಾಯಕನಾದರೆ ಅದು ಒಬ್ಬನ ಭಾಗ್ಯ. ಪಂಚಾಕ್ಷರಿಗಳು ಅಲ್ಲಿಗೆ ನಿಲ್ಲಲಿಲ್ಲ. ತಮಗೆ ಕುಮಾರ ಸ್ವಾಮಿಗಳು ಮಾಡಿದ್ದನ್ನು ತಾವು ಇತರ ಮಕ್ಕಳಿಗೆ ಮಾಡಲು ಹೊರಟರು. ಆಶ್ರಮದ ಮೂಲವನ್ನು ಸಾಮಾನ್ಯವಾಗಿ 1914ಕ್ಕೆ ಒಯ್ಯಲಾಗುತ್ತದೆ. ಆಗ ಅದಕ್ಕೆ ಕಟ್ಟಡವಿರಲಿಲ್ಲ, ಸ್ವಂತ ಜಾಗವೂ ಇರಲಿಲ್ಲ. ಅದೊಂದು ಸಂಚಾರಿ ಪಾಠಶಾಲೆ. ಗುರುಗಳು ಹೋದಲ್ಲಿಗೆ ಮಕ್ಕಳು, ಮಕ್ಕಳು ತಂಗಿದಲ್ಲೇ ಪಾಠ. ಮಠ, ಗುಡಿ, ಭಕ್ತರ ಮನೆ, ಹೀಗೆ ಸಿಕ್ಕ ನೆರಳಿನಲ್ಲಿ ಬಿಡಾರ.

ಈ ಶಾಲೆಯಲ್ಲಿ ಶುಲ್ಕವಿರಲಿಲ್ಲ. ಜಾತಿಯ ಕಟ್ಟೂ ಇರಲಿಲ್ಲ. ಪಾಠವು ಕಿವಿಯಿಂದ ಕಿವಿಗೆ ಹರಿಯುವಂಥದು. ಹಿಂದುಸ್ತಾನಿ ಕಲಿಕೆಯೇ ಹಾಗೆ: ಗುರು ಹಾಡಬೇಕು, ಶಿಷ್ಯ ಮರುನುಡಿಯಬೇಕು. ತಂಬೂರಿಯ ಷಡ್ಜದಲ್ಲಿ ದನಿ ನಿಲ್ಲಿಸುವುದು ಮೊದಲ ಹೆಜ್ಜೆ. ಆಮೇಲೆ ಅಲಂಕಾರಗಳು, ಆಮೇಲೆ ರಾಗ, ಬಂದಿಶ್. ತಬಲಾ ಕಲಿಯುವವನು ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ಅನಂತರ ವಾದ್ಯ ಮುಟ್ಟುತ್ತಾನೆ. ಓದುಬರಹದ ಶಾಲೆಯಲ್ಲಿ ಹಿಂದುಳಿಯುವ ಅಂಧ ಬಾಲಕ ಇಲ್ಲಿ ಕಣ್ಣುಳ್ಳವರಿಗೆ ಸಮನಾಗಿ ನಿಲ್ಲುತ್ತಾನೆ, ಕೆಲವೊಮ್ಮೆ ಮುಂದೆಯೂ ಹೋಗುತ್ತಾನೆ. ಗವಾಯಿಗಳು ಸಂಗೀತವನ್ನೇ ಆರಿಸಿದ್ದಕ್ಕೆ ಅವರ ಸ್ವಂತ ಒಲವಿನಷ್ಟೇ ಈ ಲೆಕ್ಕಾಚಾರವೂ ಕಾರಣವಾಗಿತ್ತೆಂದು ತೋರುತ್ತದೆ. ಸಂಗೀತ ಆ ಮಕ್ಕಳಿಗೆ ಆತ್ಮೋನ್ನತಿಯ ಸಾಧನ. ಜೊತೆಗೆ ನಾಳೆಯ ಅನ್ನ.

ಗುರುವೊಬ್ಬನೇ ಎಲ್ಲರಿಗೂ ಪಾಠ ಹೇಳುವುದು ಇಂಥ ಗುರುಕುಲದಲ್ಲಿ ಸಾಧ್ಯವಿಲ್ಲ. ಮುಂದೆ ಬಂದ ಹುಡುಗ ಹೊಸದಾಗಿ ಬಂದವನಿಗೆ ಸ್ವರ ಹೇಳಿಕೊಡುತ್ತಾನೆ. ಹಿರಿಯನ ರಿಯಾಜನ್ನು ಕೇಳುತ್ತ ಕೇಳುತ್ತಲೇ ಕಿರಿಯನಿಗೆ ರಾಗದ ಪರಿಚಯವಾಗುತ್ತದೆ. ದಿನವಿಡೀ ಸಂಗೀತದ ನಡುವೆ ಬದುಕುವುದೇ ಅರ್ಧ ಪಾಠ. ಒಟ್ಟಿಗೆ ಉಣ್ಣುವುದು, ಸಾಮೂಹಿಕ ಪ್ರಾರ್ಥನೆ, ಒಬ್ಬರ ಕೈ ಹಿಡಿದು ಇನ್ನೊಬ್ಬರು ನಡೆಯುವುದು ಇವೆಲ್ಲ ಕಲಿಕೆಯ ಹೊರಗಿನ ಸಂಗತಿಗಳಾಗಿರಲಿಲ್ಲ.

ಸರಿಸುಮಾರು ಇದೇ ಕಾಲಮಾನದ ಜಪಾನಿನ ಶಿನಿಚಿ ಸುಜುಕಿಯವರನ್ನು (1898–1998) ಇಲ್ಲಿ ನೆನೆಯಬಹುದು. ಅವರು ಎರಡನೆಯ ಮಹಾಯುದ್ಧದ ನಂತರ ಮಾತ್ಸುಮೊಟೊ ನಗರದಲ್ಲಿ ಪುಟ್ಟ ಮಕ್ಕಳಿಗೆ ಪಿಟೀಲು ಕಲಿಸುತ್ತ ರೂಪಿಸಿದ ಪದ್ಧತಿ ಈಗ ಜಗತ್ತಿನಾದ್ಯಂತ ಸುಜುಕಿ ಪದ್ಧತಿಯೆಂದು ಹೆಸರಾಗಿದೆ. ಮಗು ಮಾತೃಭಾಷೆಯನ್ನು ಕೇಳಿ ಕೇಳಿ ಕಲಿಯುವಂತೆ ಸಂಗೀತವನ್ನೂ ಕಲಿಯಬಲ್ಲದು, ಓದುವ ಲಿಪಿ ಆಮೇಲೆ ಬಂದರೆ ಸಾಕು, ಪ್ರತಿಭೆ ಹುಟ್ಟಿನಿಂದಲೇ ಬರಬೇಕಾಗಿಲ್ಲ, ಮಕ್ಕಳು ಗುಂಪಿನಲ್ಲಿ ಕೂಡಿ ನುಡಿಸಬೇಕು ಎಂಬುವು ಅದರ ತಿರುಳು. ಇವರಿಬ್ಬರಿಗೂ ಯಾವ ಸಂಪರ್ಕವೂ ಇರಲಿಲ್ಲ. ಆದರೂ ಕೇಳ್ಮೆಗೆ ಮತ್ತು ಸಹವಾಸಕ್ಕೆ ಕೊಟ್ಟ ಮಹತ್ವದಲ್ಲಿ ಹೋಲಿಕೆ ಕಾಣುತ್ತದೆ. ವ್ಯತ್ಯಾಸವೂ ಅಷ್ಟೇ ಮುಖ್ಯ. ಸುಜುಕಿ ಪದ್ಧತಿಯಲ್ಲಿ ತಾಯಿ ಅಥವಾ ತಂದೆ ಮಗುವಿನೊಂದಿಗೆ ಪಾಠಕ್ಕೆ ಕುಳಿತು, ಮನೆಯಲ್ಲಿ ಎರಡನೆಯ ಗುರುವಾಗುತ್ತಾರೆ. ಗವಾಯಿಗಳ ಬಳಿಗೆ ಬಂದ ಮಕ್ಕಳಲ್ಲಿ ಅನೇಕರಿಗೆ ಅಂಥ ಅನುಕೂಲದ ಮನೆಯೇ ಇರಲಿಲ್ಲ. ಮೊದಲು ಮನೆಯನ್ನು ಕಟ್ಟಿ ಆಮೇಲೆ ಪಾಠ ಹೇಳಬೇಕಾಗಿತ್ತು.

ನಾಟಕ ಮಂಡಳಿ ಮತ್ತು ಆಶ್ರಮದ ಜೀವನೋಪಾಯ

ಮಕ್ಕಳ ಸಂಖ್ಯೆ ಏರಿದಂತೆ ಕಾಣಿಕೆಯೊಂದರಿಂದಲೇ ಆಶ್ರಮ ನಡೆಸುವುದು ಕಷ್ಟವಾಯಿತು. ಭಕ್ತರು ಕೊಡುವ ಜೋಳ, ಬೇಳೆ ಸುಗ್ಗಿಯ ಮೇಲೆ ನಿಂತಿರುತ್ತವೆ. ಬರಗಾಲದಲ್ಲಿ ಕೊಡುವವನ ಕಣಜವೇ ಬರಿದು. ಗವಾಯಿಗಳು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ನಾಟಕ. ತಮ್ಮ ಗುರು ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಮಂಡಳಿಯೊಂದನ್ನು ಕಟ್ಟಿ, ಅದರ ಗಳಿಕೆಯಿಂದ ಆಶ್ರಮವನ್ನು ಸಾಕತೊಡಗಿದರು. ಮಠದ ಸಂಸ್ಕಾರದಲ್ಲಿ ಬೆಳೆದ ಸಾಧಕರೊಬ್ಬರು ಬಣ್ಣದ ಬದುಕಿಗೆ ಕೈಹಾಕುವುದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಗರುಡ ಸದಾಶಿವರಾಯರಂಥವರ ಕಂಪನಿಯನ್ನು ಕಂಡಿದ್ದ ಗದಗಿನ ಸೀಮೆ ರಂಗಗೀತೆಗಳಿಗೆ ಮಾರುಹೋಗಿತ್ತು. ಒಳ್ಳೆಯ ಹಾಡಿದ್ದರೆ ನಾಟಕ ಗೆದ್ದಂತೆಯೇ. ಹಾಡಬಲ್ಲ ಹುಡುಗರಿಗಂತೂ ಗವಾಯಿಗಳಲ್ಲಿ ಕೊರತೆಯಿರಲಿಲ್ಲ. ಶರಣರ ಚರಿತ್ರೆಗಳು ರಂಗದ ಮೇಲೆ ಬಂದವು. ಶಿಷ್ಯ ಪುಟ್ಟರಾಜರು ಮುಂದೆ ‘ಶ್ರೀ ಶಿವಯೋಗಿ ಸಿದ್ಧರಾಮ’ ಮೊದಲಾದ ನಾಟಕಗಳನ್ನು ರಚಿಸಿದರು.

ನಾಟಕ ಕಂಪನಿಯ ಆದಾಯ ನಂಬುವಂಥದಲ್ಲ. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದ ದಿನವೂ ಊಟ ನಿಲ್ಲುವಂತಿಲ್ಲ. ಈ ಏರುಪೇರಿನಲ್ಲಿಯೇ ಆಶ್ರಮ ವರ್ಷಗಳನ್ನು ಕಳೆಯಿತು. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ 1942ರಲ್ಲಿ ಗದಗಿನಲ್ಲಿ ಅದಕ್ಕೆ ಸ್ಥಿರವಾದ ನೆಲೆ ದೊರೆಯಿತು. ನೆಲೆ ಸಿಕ್ಕ ಮೇಲೆ ಗವಾಯಿಗಳು ಬದುಕಿದ್ದು ಎರಡೇ ವರ್ಷ.

ಶಿಷ್ಯರು

ಹಾನಗಲ್ಲ ತಾಲ್ಲೂಕಿನವರೇ ಆದ ಪುಟ್ಟರಾಜ ಗವಾಯಿ (1914–2010) ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ತಂದೆ ತೀರಿಕೊಂಡ ಮೇಲೆ ಸೋದರಮಾವನ ಆಸರೆಯಲ್ಲಿದ್ದ ಬಾಲಕ ಹಾರ್ಮೋನಿಯಂ ನುಡಿಸುವುದನ್ನು ಕಂಡು ಮಾವನೇ ಅವನನ್ನು ಗವಾಯಿಗಳ ಬಳಿಗೆ ಕರೆತಂದರು. ಗಾಯನದ ಜೊತೆಗೆ ಹಲವು ವಾದ್ಯಗಳಲ್ಲಿ ಪ್ರವೀಣರಾದ ಅವರು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು.

ಬಸವರಾಜ ರಾಜಗುರು (1917–1991) ಧಾರವಾಡ ಸೀಮೆಯ ಯಲಿವಾಳದವರು. ದೃಷ್ಟಿಯಿದ್ದ ಈ ಬಾಲಕ ಹದಿಮೂರರ ಹರೆಯದಲ್ಲಿ ಗವಾಯಿಗಳ ಶಿಷ್ಯನಾದನು. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ನೆನಪಿಗಾಗಿ 1936ರಲ್ಲಿ ಹಂಪಿಯಲ್ಲಿ ನಡೆದ ಉತ್ಸವದಲ್ಲಿ ರಾಜಗುರು ಹಾಡಿದಾಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗವಾಯಿಗಳು. ಇನ್ನೂ ಇಪ್ಪತ್ತು ತುಂಬದ ಶಿಷ್ಯನಿಗೆ ಗುರುವೇ ಪಕ್ಕವಾದ್ಯ ನುಡಿಸುವುದು ಸಂಗೀತಲೋಕದ ಹಿರಿಕಿರಿತನದ ಲೆಕ್ಕದಲ್ಲಿ ಅಪರೂಪ. ಪಂಚಾಕ್ಷರಿಗಳು ಎಂಥ ಗುರುವಾಗಿದ್ದರೆಂದು ತಿಳಿಯಲು ಈ ಒಂದು ಸಂಗತಿ ಸಾಕಾಗುತ್ತದೆ.

ಪ್ರಸಿದ್ಧರ ಹೆಸರುಗಳಷ್ಟೇ ಈ ಪರಂಪರೆಯ ಅಳತೆಗೋಲಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಮಾಸದ ಪುರಾಣ ಪ್ರವಚನಕ್ಕೆ ಹೋದವರಿಗೆ ಒಂದು ದೃಶ್ಯ ಪರಿಚಿತ: ನಡುವೆ ಪ್ರವಚನಕಾರರು, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿ, ಇನ್ನೊಂದು ಬದಿಗೆ ತಬಲಾ. ಆ ಗವಾಯಿ, ಆ ತಬಲಾವಾದಕ ಗದಗಿನ ಆಶ್ರಮದಲ್ಲಿ ಕಲಿತವರಾಗಿರುವುದು ಬಹಳ ಸಾಮಾನ್ಯ. ಶಾಲೆಗಳ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಸಾಥಿದಾರರಾಗಿ ಸಂಸಾರ ನಡೆಸುತ್ತಿರುವವರು ಅನೇಕರು. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದಿಲ್ಲ.

ನಿಧನ ಮತ್ತು ಆನಂತರ

ಪಂಚಾಕ್ಷರಿ ಗವಾಯಿಗಳು 1944ರ ಜೂನ್ 11ರಂದು ತಮ್ಮ 52ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಗದ್ದುಗೆ ಗದಗಿನ ಪುಣ್ಯಾಶ್ರಮದಲ್ಲಿದೆ. ಆಶ್ರಮ ಮತ್ತು ನಾಟಕ ಮಂಡಳಿ ಎರಡರ ಹೊಣೆಯೂ ಆಗ ಮೂವತ್ತರ ಪ್ರಾಯದವರಾಗಿದ್ದ ಪುಟ್ಟರಾಜರ ಮೇಲೆ ಬಿದ್ದಿತು. ಅವರು ಅದನ್ನು ಆರೂವರೆ ದಶಕಗಳ ಕಾಲ ನಡೆಸಿದರು. ಕೇಂದ್ರ ಸರ್ಕಾರ 2010ರಲ್ಲಿ ಅವರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ನಿಧನರಾದರು. ಇಂದಿನ ಪ್ರಮುಖ ಹಿಂದುಸ್ತಾನಿ ಗಾಯಕರಲ್ಲೊಬ್ಬರಾದ ಎಂ. ವೆಂಕಟೇಶ್ ಕುಮಾರ್ ಬಾಲ್ಯದಿಂದ ಹನ್ನೊಂದು-ಹನ್ನೆರಡು ವರ್ಷ ಇದೇ ಆಶ್ರಮದಲ್ಲಿದ್ದು ಪುಟ್ಟರಾಜರಲ್ಲಿ ಕಲಿತವರು.

ಗವಾಯಿಗಳ ಜೀವನವನ್ನು ಆಧರಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಕನ್ನಡ ಚಲನಚಿತ್ರ 1995ರಲ್ಲಿ ಬಂದಿತು. ಇದರ ಸಂಗೀತಕ್ಕಾಗಿ ಹಂಸಲೇಖ ಅವರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ದಾವಣಗೆರೆಯಲ್ಲಿಯೂ ವೀರೇಶ್ವರ ಪುಣ್ಯಾಶ್ರಮದ ಶಾಖೆಯಿದೆ. ಗದಗಿನ ಆಶ್ರಮದಲ್ಲಿ ಅಂಧ ಮತ್ತು ಬಡ ಮಕ್ಕಳಿಗೆ ಉಚಿತ ಊಟ, ವಸತಿ ಮತ್ತು ಸಂಗೀತ ಶಿಕ್ಷಣ ಈಗಲೂ ಮುಂದುವರಿದಿವೆ.